ತಾತ್ಕಾಲಿಕ ನಡುಹೆಸರು

ಫೂಸಿ ಮತ್ತು ವೀಕಾ ಅವಳಿಗಳು ಎಂದು ಮೋಟುಲಾಹಿ ದ್ವೀಪದಲ್ಲಿ ಎಲ್ಲರೂ ನಂಬಿದ್ದರು. ನಂಬದಿರಲು ಕಾರಣವೂ ಇರಲಿಲ್ಲ. ಅವರಪ್ಪ ದೋಣಿ ಹತ್ತಿ ದೊಡ್ಡ ದ್ವೀಪಕ್ಕೆ ಹೋಗಿ, ಇಬ್ಬರ ಜನನವನ್ನೂ ಒಂದೇ ದಿನ ಬರೆಸಿಕೊಂಡು ಬಂದಿದ್ದ. ಎರಡೂ ಪತ್ರಗಳಲ್ಲಿ ಒಂದೇ ತಾರೀಕು, ಒಂದೇ ಮುದ್ರೆ, ಒಂದೇ ಸಹಿ. ಶಾಲೆಯ ಹಳೆಯ ಫೋಟೋದಲ್ಲಿ ಫೂಸಿ ವೀಕಾಗಿಂತ ಗೇಣುದ್ದ ಎತ್ತರ ಕಾಣುತ್ತಿದ್ದಳು. ಅವಳು ಚಿಕ್ಕಂದಿನಿಂದಲೂ ಊಟದಲ್ಲಿ ಮುಂದು ಎಂದು ಜನ ಅದಕ್ಕೆ ವಿವರಣೆ ಕೊಡುತ್ತಿದ್ದರು. ಸರ್ಕಾರದ ಮುದ್ರೆಯನ್ನು ಫೋಟೋ ನೋಡಿ ಅನುಮಾನಿಸುವ ಅಭ್ಯಾಸ ದ್ವೀಪದಲ್ಲಿರಲಿಲ್ಲ.

ಇದರಿಂದ ಐವತ್ತು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆ ಶುರುವಾದದ್ದು ಅವರ ತಮ್ಮ ಲಿಸಿಯಾತೆಯ ಹೆಂಡತಿ ಕಲೇಸಿತಾ ಅವಳಿ ಹೆಣ್ಣುಮಕ್ಕಳನ್ನು ಹೆತ್ತಾಗ.

ಟೋಂಗಾದಲ್ಲಿ ಮಗುವಿಗೆ ಹೆಸರಿಡುವ ಹಕ್ಕು ಸೋದರತ್ತೆಯದು, ಇಬ್ಬರಿದ್ದರೆ ಹಿರಿಯಳದು. ಮೋಟುಲಾಹಿಯವರು ಕಾಲಕ್ಕೆ ತಕ್ಕಂತೆ ಉದಾರಿಗಳಾಗಿ, ಕರೆಯುವ ಹೆಸರನ್ನು ತಾಯಿಗೆ ಬಿಟ್ಟುಕೊಟ್ಟಿದ್ದರು. ಕಲೇಸಿತಾ ಲೂಪೆ ಮತ್ತು ಸಿಯಾಲೆ ಎಂದು ಇಟ್ಟಿದ್ದಳು. ನಡುಹೆಸರು ಮಾತ್ರ ಅತ್ತೆಯದೇ. ಅದರಿಂದ ಮಗುವನ್ನು ಯಾರೂ ಕರೆಯುವುದಿಲ್ಲ. ಆದರೆ ಅದನ್ನು ಇಟ್ಟವಳು ಮೊದಲ ಹುಟ್ಟುಹಬ್ಬದಲ್ಲಿ ಎಲ್ಲರಿಗಿಂತ ಮುಂದೆ ಕೂರುತ್ತಾಳೆ, ಹೋಗುವಾಗ ಒಳ್ಳೊಳ್ಳೆಯ ಚಾಪೆಗಳನ್ನು ಒಯ್ಯುತ್ತಾಳೆ, ಸುಟ್ಟ ಹಂದಿಯ ಬೆನ್ನಿನ ಭಾಗ ಅವಳಿಗೇ ಸಲ್ಲುತ್ತದೆ. ಹೀಗಾಗಿ ನಡುಹೆಸರು ಸಂಸ್ಕೃತಿಯ ಪ್ರಶ್ನೆ ಎಂದು ಎಲ್ಲರೂ ಒಪ್ಪಿದ್ದರು.

ಕಲೇಸಿತಾಳಿಗೆ ಒಂದೇ ಒಂದು ಆಸೆಯಿತ್ತು. ಅವಳ ತಾಯಿ ತೊಯಾಕಾಸೆ ಐವತ್ತೈದು ವರ್ಷ ದ್ವೀಪದ ಸೂಲಗಿತ್ತಿಯಾಗಿದ್ದು, ಮೊಮ್ಮಕ್ಕಳು ಹುಟ್ಟುವ ಎರಡು ತಿಂಗಳ ಮುಂಚೆ ತೀರಿಕೊಂಡಿದ್ದಳು. ಎರಡರಲ್ಲಿ ಒಂದು ಮಗುವಿಗಾದರೂ ಆ ಹೆಸರು ಇರಬೇಕು. ತಾಯಿಯ ಕಡೆಯವರು ಇಂಥದ್ದನ್ನು ಬಾಯಿಬಿಟ್ಟು ಕೇಳುವಂತಿರಲಿಲ್ಲ. ಅವಳು ಗಂಡನನ್ನು ಕೇಳಿದಳು.

"ಒಂದಕ್ಕಾದ್ರೂ ನಮ್ಮಮ್ಮನ ಹೆಸರು ಇರ್ಲಿ ಅಂತ ಕೇಳ್ರೀ."

"ಯಾರನ್ನ?"

"ನಿಮ್ಮ ಅಕ್ಕಂದಿರನ್ನ."

ಲಿಸಿಯಾತೆ ಶಾರ್ಕ್ ಇದ್ದ ನೀರಿಗೆ ಇಳಿದು, ಸಿಕ್ಕಿಕೊಂಡ ಲಂಗರು ಬಿಡಿಸಿ ತಂದ ಮನುಷ್ಯ. ಅವನು ಗೆಣಸಿನ ಹೊಲ ನೋಡಿಕೊಂಡು ಬರುತ್ತೇನೆಂದು ಎದ್ದುಹೋದ.

ಅರವತ್ತು ದಿನದೊಳಗೆ ನೋಂದಣಿಯಾಗದ ಮಗು ಹುಟ್ಟಿದೆಯೆಂದು ಮೋಟುಲಾಹಿಯ ಉಪನೋಂದಣಿ ಕಚೇರಿ ಒಪ್ಪುತ್ತಿರಲಿಲ್ಲ. ಆದ್ದರಿಂದ ನಲವತ್ತನೆಯ ದಿನ ಕಲೇಸಿತಾ ಎರಡು ಮಕ್ಕಳನ್ನೂ ಇಬ್ಬರು ಅತ್ತಿಗೆಯರನ್ನೂ ಕರೆದುಕೊಂಡು ಅಲ್ಲಿಗೆ ಹೋದಳು. ಉಪನೋಂದಣಾಧಿಕಾರಿ ಮೊಸೆಸೆ ಅಲ್ಲಿನ ಗೌರವದ ಉಡುಪಿನಂತೆ ಸೊಂಟಕ್ಕೆ ಚಾಪೆ ಸುತ್ತಿಕೊಂಡು ಗಂಭೀರನಾಗಿ ಕುಳಿತಿದ್ದ.

"ಹಿರಿಯ ಸೋದರತ್ತೆ ಯಾರು?" ಎಂದು ಕೇಳಿದ.

"ನಾನು. ಬರ್ಕೋ," ಎಂದಳು ಫೂಸಿ. "ಒಂದಕ್ಕೆ ಮಹಾಸಭೆ, ಇನ್ನೊಂದಕ್ಕೆ ಸಭಾಪತಿ. ಮಕ್ಕಳು ಹುಟ್ಟಿದ ವಾರವೇ ಚರ್ಚಿನ ಮಹಾಸಭೆ ನಡೀತು."

"ನಿಲ್ಸು ಮೊಸೆಸೆ," ಎಂದಳು ವೀಕಾ. "ಇವಳು ಯಾವುದ್ರಲ್ಲಿ ಹಿರಿಯಳು? ಸೊಂಟದಲ್ಲಾ? ಒಂದಕ್ಕೆ ಜನರೇಟರ್ ಅಂತ ಬರಿ. ಊರಿಗೆ ಅದು ಬಂದಿದ್ದೂ ಅದೇ ವಾರ. ಇನ್ನೊಂದಕ್ಕೆ ಡೀಸೆಲ್."

"ಕೇಳಿಸ್ಕೊಂಡ್ಯಾ? ಅಕ್ಕನ ಹತ್ರ ಮಾತಾಡೋ ರೀತಿ ಇದು."

"ಅಕ್ಕ ಅಂತ ಯಾರು ಹೇಳಿದ್ದು? ಅಮ್ಮನ ಹೊಟ್ಟೇಲಿ ನೀನು ನನ್ನನ್ನ ಹಿಂದಕ್ಕೆ ತಳ್ಳಿದ್ದು ನಂಗಿನ್ನೂ ನೆನಪಿದೆ ಕಣೇ."

"ನೋಡಿದ್ಯಾ, ಒಪ್ಕೊಂಡ್ಳು! ನಾನೇ ಮೊದಲು ಬಂದಿದ್ದು."

"ತಳ್ಳಿ ಮುಂದೆ ಬಂದೋರು ಮುಂದೆ ಬಂದ ಹಾಗಲ್ಲ."

ಮೊಸೆಸೆ ಕಡತದಲ್ಲಿ ಬರೆದ: "ತಳ್ಳಿದ ಬಗ್ಗೆ ಪ್ರತ್ಯಕ್ಷ ಸಾಕ್ಷಿ ಇಲ್ಲ." ಆಮೇಲೆ ಎರಡೂ ಜನನಪತ್ರ ತರಿಸಿ ಹೋಲಿಸಿದ. ತಾರೀಕು ಒಂದೇ ಇತ್ತು. ಅವನು ಭೂತಗನ್ನಡಿ ಹಿಡಿದು ಮತ್ತೆ ನೋಡಿದ. ಆಗಲೂ ಒಂದೇ ಇತ್ತು. ವಿಷಯವನ್ನು ಮೇಲಿನ ಕಚೇರಿಗೆ ಬರೆದು ವಿಚಾರಣೆಯನ್ನು ಮುಂದೂಡಿದ.

ಐವತ್ತೆಂಟನೆಯ ದಿನ ಹಡಗಿನಲ್ಲಿ ಉತ್ತರ ಬಂತು. ಮೊಸೆಸೆ ಎದ್ದು ನಿಂತು ಅದನ್ನು ಎಲ್ಲರ ಮುಂದೆ ಓದಿದ:

"ನಡುಹೆಸರಿನ ಕಾಲಂ ಅನ್ನು ಖಾಲಿ ಬಿಡತಕ್ಕದ್ದಲ್ಲ. ಹಿರಿತನದ ವಿವಾದ ಇತ್ಯರ್ಥವಾಗುವವರೆಗೆ ತಾತ್ಕಾಲಿಕ ನಡುಹೆಸರನ್ನು ನಮೂದಿಸತಕ್ಕದ್ದು. ಅಂಥ ಹೆಸರಿನಿಂದ ಯಾರಿಗೂ ಗೌರವವಾಗಲಿ, ಚಾಪೆಯಾಗಲಿ, ಹಂದಿಯ ಪಾಲಾಗಲಿ ದೊರೆಯತಕ್ಕದ್ದಲ್ಲ."

ಗೌರವ, ಚಾಪೆ, ಹಂದಿ ಮೂರೂ ಇಲ್ಲವೆಂದ ಮೇಲೆ ಅತ್ತಿಗೆಯರಿಬ್ಬರೂ ಆ ಹೆಸರಿನಲ್ಲಿ ಆಸಕ್ತಿ ಕಳೆದುಕೊಂಡರು.

"ಯಾವುದಾದ್ರೂ ಒಂದು ಹೇಳಮ್ಮ," ಎಂದ ಮೊಸೆಸೆ, ಕಲೇಸಿತಾಳ ಕಡೆ ನೋಡದೆ. "ಕಾಲಂ ತುಂಬಿದ್ರೆ ಸಾಕು."

"ತೊಯಾಕಾಸೆ."

"ಇನ್ನೊಂದಕ್ಕೆ?"

"ಅದಕ್ಕೂ ಅದೇ ಇರ್ಲಿ ಅಣ್ಣಾ. ತಾತ್ಕಾಲಿಕ ತಾನೇ, ಇನ್ನೊಂದು ಯಾಕೆ ದಂಡ?"

ಮೊಸೆಸೆ ಅವಳ ಮಿತವ್ಯಯವನ್ನು ಮೆಚ್ಚಿ ಎರಡೂ ಕಡೆ ಬರೆದ. ಬರೆಯುವಾಗ ಅವನಿಗೆ ಏನೋ ಹೊಳೆಯಿತು.

"ಫೂಸಿ, ವೀಕಾ ಹುಟ್ಟಿದಾಗ ಹೆರಿಗೆ ಮಾಡ್ಸಿದ್ದು ನಿಮ್ಮಮ್ಮ ಅಲ್ವಾ? ಹೆರಿಗೆ ಪುಸ್ತಕ ಅಂತ ಒಂದು ಇಟ್ಕೊಂಡಿರ್ತಿದ್ರು. ಅದು ಸಿಕ್ಕಿದ್ರೆ ಇವತ್ತೇ ಮುಗಿದುಹೋಗುತ್ತೆ. ಈ ಹೆಸರು ಹೊಡೆದುಹಾಕಿ ಸರಿಯಾದ್ದು ಬರೀಬಹುದು."

ಕಲೇಸಿತಾ ಕಾಲಂ ನೋಡಿದಳು. ಶಾಯಿ ಇನ್ನೂ ಒಣಗಿರಲಿಲ್ಲ.

"ಹೋದ ಸಲದ ಚಂಡಮಾರುತದಲ್ಲಿ ಎಷ್ಟೊಂದು ಹೋಯ್ತು ಅಣ್ಣಾ," ಎಂದಳು.

"ಚಂಡಮಾರುತದಲ್ಲಿ ನಷ್ಟ," ಎಂದು ಮೊಸೆಸೆ ಬರೆದುಕೊಂಡ. ಆದರೂ ನಿಯಮದಂತೆ ಚರ್ಚಿನ ಬಾಗಿಲಿಗೆ ನೋಟಿಸು ಅಂಟಿಸಿದ: ಸದರಿ ಪುಸ್ತಕ ಯಾರ ಬಳಿಯಿದ್ದರೂ ತಂದೊಪ್ಪಿಸತಕ್ಕದ್ದು. ಕಲೇಸಿತಾ ಅದನ್ನು ಪ್ರತಿ ಭಾನುವಾರ ಪೂರ್ತಿ ಓದಿ ಒಳಗೆ ಹೋಗುತ್ತಿದ್ದಳು.

ವಿಚಾರಣೆ ತಿಂಗಳಿಗೊಮ್ಮೆ ಕ್ರಮಬದ್ಧವಾಗಿ ನಡೆಯಿತು. ಫೂಸಿ ಪ್ರತಿ ಸಲವೂ ಅಧಿಕಾರಿಗೆ ಒಂದು ಸುಟ್ಟ ಹಂದಿಮರಿ ತರುತ್ತಿದ್ದಳು. ವೀಕಾ ತೆಂಗಿನಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆಯ ಜೊತೆಗೆ ಎರಡು ಹಂದಿಮರಿ ತರತೊಡಗಿದಳು. ಅಂಥ ಕಾಣಿಕೆಯನ್ನು ನಿರಾಕರಿಸುವುದು ಅಗೌರವವಾದ್ದರಿಂದ ಮೊಸೆಸೆ ನಿರಾಕರಿಸಲಿಲ್ಲ. ಪ್ರಕರಣ ಬಹಳ ಸೂಕ್ಷ್ಮವಾದದ್ದು, ಅವಸರ ಮಾಡಿದರೆ ಅನ್ಯಾಯವಾಗುತ್ತದೆ ಎಂಬ ಅಭಿಪ್ರಾಯ ಅವನಲ್ಲಿ ತಿಂಗಳಿಂದ ತಿಂಗಳಿಗೆ ಗಟ್ಟಿಯಾಯಿತು. ಸೊಂಟಕ್ಕೆ ಒಂದೂವರೆ ಸುತ್ತು ಬರುತ್ತಿದ್ದ ಚಾಪೆ ಒಂದು ಸುತ್ತಿಗೆ ನಿಂತಿತು.

ಊರಲ್ಲೂ ಇಬ್ಬರ ಕಡೆ ಪಕ್ಷಗಳಾದವು. ಫೂಸಿ ಅಂಬೆಗಾಲಿಡುತ್ತಿದ್ದ ವೀಕಾಳನ್ನು ಎತ್ತಿಕೊಂಡು ತಿರುಗುತ್ತಿದ್ದಳೆಂದು ಒಬ್ಬ ಮುದುಕ ಸಾಕ್ಷಿ ಹೇಳಿದ. ಅವಳಿಗಳಲ್ಲಿ ಒಬ್ಬಳು ಬೇಗ ನಡೆಯುವುದು ದೈವಕೃಪೆಯೇ ಹೊರತು ಹಿರಿತನದ ಪುರಾವೆಯಲ್ಲ ಎಂದು ಕಚೇರಿ ಅದನ್ನು ತಳ್ಳಿಹಾಕಿತು.

ಮೊದಲ ಹುಟ್ಟುಹಬ್ಬ ಬಂತು. ಮುಂದಿನ ಆಸನವನ್ನು ನಡುವೆ ಹಗ್ಗ ಕಟ್ಟಿ ಇಬ್ಬರಿಗೂ ಅರ್ಧರ್ಧ ಕೊಟ್ಟರು. ಮೊಸೆಸೆ ಅಳತೆಪಟ್ಟಿ ಹಿಡಿದು ಹಂದಿಯ ಬೆನ್ನನ್ನು ಎರಡು ಸಮಭಾಗ ಮಾಡಿದ. ಅಳತೆಗೆ ಸಿಗದೆ ಉಳಿದ ಚೂರುಗಳನ್ನು ಕಚೇರಿಯ ವಶಕ್ಕೆ ತೆಗೆದುಕೊಂಡ. ಪಾದ್ರಿ ಪ್ರಾರ್ಥನೆ ಮುಗಿಸಿ, "ಲೂಪೆ ತೊಯಾಕಾಸೆ, ಸಿಯಾಲೆ ತೊಯಾಕಾಸೆ" ಎಂದು ಹೆಸರು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಅತ್ತಿಗೆಯರೂ ತಟ್ಟಿದರು.

"ಇದೇನು ಖಾಯಂ ಅಲ್ವಲ್ಲ," ಎಂದಳು ಫೂಸಿ, ಬಾಯಲ್ಲಿ ತುತ್ತಿಟ್ಟುಕೊಂಡೇ.

"ಇವಳ ಮಹಾಸಭೆಗಿಂತ ಎಷ್ಟೋ ವಾಸಿ," ಎಂದಳು ವೀಕಾ.

ಆ ವರ್ಷ ದ್ವೀಪದಲ್ಲಿ ಇನ್ನೂ ಆರು ಮನೆಯವರು ತಮ್ಮ ಮಕ್ಕಳಿಗೆ ತಾತ್ಕಾಲಿಕ ನಡುಹೆಸರೇ ಬೇಕೆಂದು ಅರ್ಜಿ ಹಾಕಿದರು. ಅವರ ಮನೆಗಳಲ್ಲಿ ಯಾವ ವಿವಾದವೂ ಇರಲಿಲ್ಲ. ಮೊಸೆಸೆ ಅವರಿಗೆ ಮೊದಲು ವಿವಾದ ಹೂಡಿಕೊಂಡು ಬರುವಂತೆ ಸಲಹೆ ಕೊಟ್ಟ. ಅವರು ಹೂಡಿಕೊಂಡು ಬಂದರು.

ಹುಟ್ಟುಹಬ್ಬದ ದಿನ ನೆಂಟರೆಲ್ಲ ಹೋದ ಮೇಲೆ ಕಲೇಸಿತಾ ಉಳಿದ ಚಾಪೆಗಳನ್ನು ಮಡಿಚಿ ಪೆಟ್ಟಿಗೆಗೆ ಹಾಕಿದಳು. ಪೆಟ್ಟಿಗೆಯ ತಳದಲ್ಲಿ ತಾಯಿಯ ಹೆರಿಗೆ ಪುಸ್ತಕ ನೀರು ತಾಗದೆ, ಒಂದು ಹಾಳೆಯೂ ಹರಿಯದೆ ಇತ್ತು. ಅದರ ಪ್ರಕಾರ ಫೂಸಿ ವೀಕಾಗಿಂತ ಹದಿನಾಲ್ಕು ತಿಂಗಳು ದೊಡ್ಡವಳು.