ಅತ್ತೆಯ ನಾಲಿಗೆಗೆ ಬಿಳಿ ವೈನ್

ನಮ್ಮ ಅತ್ತೆ ಮನೆಗೆ ಬಂದವರನ್ನು ಮೂಸುತ್ತಾಳೆ. ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಳೆ ನೀವು ಸಿದ್ದಾಪುರದ ಬಸ್ಸು ಹತ್ತಿ ಕೋಲಸಿರ್ಸಿಯಲ್ಲಿ ಇಳಿದು ಅವಳ ಕೈಗೆ ಸಿಕ್ಕಿದರೆ ಗಾಬರಿಯಾಗಬಾರದಲ್ಲ! ಸೋಪು, ಬಾಳೆಹಣ್ಣು, ಹೊಸ ಸೀರೆ, ನೆಂಟರ ಹೆಗಲ ಮೇಲಿನ ಶಾಲು, ಮೂಗಿಗೆ ಎಟುಕಿದ ಯಾವುದನ್ನೂ ಅವಳು ಬಿಟ್ಟವಳಲ್ಲ.

ಹುಚ್ಚಲ್ಲ. ಎರಡು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಅವಳ ವಾಸನೆ, ರುಚಿ ಎರಡನ್ನೂ ಹೊತ್ತುಕೊಂಡು ಹೋಗಿತ್ತು. “ಹುಳಿ, ಖಾರ, ಘಮ್ಮೆನ್ನುವುದು, ದಿನಾ ಏನಾದರೂ ಪ್ರಯತ್ನ ಮಾಡ್ತಾ ಇರಿ, ಒಂದು ದಿನ ಬಂದರೂ ಬಂತು” ಎಂದಿದ್ದರು ಡಾಕ್ಟರು. ಅಡುಗೆಗೆ ಹೆಸರಾದವಳು ತಾನು ಮಾಡಿದ್ದನ್ನೇ ಕಾಗದ ಅಗಿದ ಹಾಗೆ ಅಗಿಯುತ್ತಿದ್ದಳು. ಹುಡುಕುವುದನ್ನು ಮಾತ್ರ ಬಿಟ್ಟಿರಲಿಲ್ಲ. ವಾಟೆಹುಳಿ, ಬಿಂಬುಳಿ, ಮುರುಗಲು, ನಮ್ಮ ಕಡೆಯ ಹುಳಿಕಾಯಿಗಳೆಲ್ಲ ಆಗಿದ್ದವು. ಯಾವುದೂ ನಾಲಿಗೆಗೆ ತಾಗಿರಲಿಲ್ಲ.

ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕಾದವನು ನಾನು. ಆದರೆ ಗೋವಾದ ಮದುವೆಯೊಂದರಲ್ಲಿ ಒಂದು ಲೋಟ ಬಿಳಿ ವೈನ್ ಕುಡಿದು ಬಂದಿದ್ದೆನಲ್ಲ, ಆ ಪಾಂಡಿತ್ಯ ಹೊಟ್ಟೆಯಲ್ಲಿ ನಿಲ್ಲಬೇಕೇ?

“ಅತ್ತೆ, ಅದು ಎಂತಾ ಹುಳಿ ಗೊತ್ತಿದ್ದಾ? ಕಿವಿ ತನಕ ಚುರುಕ್ ಹೇಳ್ತು.”

“ಹಾಂಗಾರೆ ಅದನ್ನೇ ತಗಂಬಾರೋ ಮಾಣಿ.”

ನನ್ನ ತಲೆಯಲ್ಲಿ ಕೂದಲು ಉಳಿದಿಲ್ಲ, ಅವಳಿಗೆ ನಾನಿನ್ನೂ ಮಾಣಿ. “ಅತ್ತೆ, ಅದು ವೈನು. ಮಾವಂಗೆ ಗೊತ್ತಾದ್ರೆ?”

“ಗೊತ್ತಾಗದೇ ಇದ್ದಾಂಗೆ ತಗಂಬಾ” ಎಂದಳು.

ಶಿರಸಿಯ ಅರ್ಧ ಪೇಟೆಗೆ ನಾನು ಕನ್ನಡ ಮಾಸ್ತರು. ಮುಖಕ್ಕೆ ಕರವಸ್ತ್ರ ಕಟ್ಟಿ, ಮೇಲೆ ಹೆಲ್ಮೆಟ್ ಹಾಕಿ, ವೈನ್ ಅಂಗಡಿಯ ಮುಂದೆ ಕಳ್ಳನ ಹಾಗೆ ನಿಂತೆ.

“ಹೆಲ್ಮೆಟ್ ತೆಗೀರಿ ಸರ್, ಸೆಖೆ ಆಗ್ತದೆ” ಎಂದ ಅಂಗಡಿಯವನು. ಅವನ ಮಗಳು ನನ್ನ ಕ್ಲಾಸಿನಲ್ಲೇ ಇದ್ದಾಳೆ.

“ಇದು ನನಗಲ್ಲ, ನಮ್ಮ ಅತ್ತೆಗೆ” ಎಂದೆ.

“ಹೌದು ಸರ್. ಇಲ್ಲಿ ಯಾರೂ ತಮಗೆ ಅಂತ ಒಯ್ಯೋದಿಲ್ಲ” ಎಂದು ಗಂಭೀರವಾಗಿ ಕಾಗದ ಸುತ್ತಿ ಕೊಟ್ಟ. ಅಷ್ಟು ವರ್ಷ ಕಾಪಾಡಿಕೊಂಡು ಬಂದ ಮರ್ಯಾದೆಯನ್ನು ಕೌಂಟರಿನ ಮೇಲೆ ಬಿಟ್ಟು ಬಂದೆ.

ಮಾವ ಸಿದ್ದಾಪುರಕ್ಕೆ ಹೋದ ಮಧ್ಯಾಹ್ನ ನೋಡಿ ಸೀಸೆ ಬಿಚ್ಚಿದೆವು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದ್ದೆ. ನಾನು ಸೀಸೆಯ ಮೇಲಿನ ಚೀಟಿ ಓದಿ ಉಪನ್ಯಾಸ ಶುರು ಮಾಡಿದೆ: ಇದು ಸೋವಿನ್ಯೋನ್ ಬ್ಲಾಂಕ್ ಎಂಬ ದ್ರಾಕ್ಷಿ, ಮೂಲ ಫ್ರಾನ್ಸು, ಈಗ ನಾಸಿಕದಲ್ಲೂ ಬೆಳೆಯುತ್ತಾರೆ.

“ಅಂದ್ರೆ ತವರುಮನೆ ಫ್ರಾನ್ಸು, ಕೊಟ್ಟಿದ್ದು ನಾಸಿಕಕ್ಕೆ.”

“ಮೂಸಿದ್ರೆ ಆಗಷ್ಟೇ ಕೊಯ್ದ ಹುಲ್ಲಿನ ವಾಸನೆ ಬತ್ತಡ ಅತ್ತೆ.”

“ಅದಕ್ಕೆ ಕೊಟ್ಟಿಗೆಗೆ ಹೋದ್ರೆ ಆಗ್ತಿತ್ತಲೋ!”

ಮೀನಿನ ಜೊತೆ ಚೆನ್ನಾಗಿರುತ್ತದೆ ಎಂದು ಚೀಟಿಯಲ್ಲಿತ್ತು. ಅತ್ತೆಯ ಅಡುಗೆಮನೆಯಲ್ಲಿ ಆ ಸಾಲನ್ನು ಓದುವುದುಂಟೇ? ಹೆಬ್ಬೆರಳಿನಿಂದ ಮುಚ್ಚಿಕೊಂಡು “ಹಲಸಿನ ಹಪ್ಪಳದ ಜೊತೆ” ಎಂದು ಓದಿದೆ. ಅತ್ತೆ ನಂಬಿ ಹಪ್ಪಳ ಕರಿದಳು. ನಿಜ ಹೇಳುತ್ತೇನೆ, ಖಾರದ ಹಪ್ಪಳದ ಮೇಲೆ ಮಾವಿನಮಿಡಿ ಕಚ್ಚಿದಂಥ ಆ ತಣ್ಣನೆಯ ಹುಳಿ ಬಿದ್ದಾಗ, ಚೀಟಿ ಬರೆದವರು ಮೀನಿಗೆ ಯಾಕೆ ಹೋದರು ಎನ್ನಿಸಿತು. ಹಪ್ಪಳವನ್ನೆಲ್ಲ ನಾನೇ ಮುಗಿಸಿದೆ.

ಅತ್ತೆ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡಳು.

“ನೀರು” ಎಂದಳು.

ನನ್ನ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು: “ನಿನ್ನ ತಪ್ಪಲ್ಲ ಮಾಣಿ. ಫ್ರಾನ್ಸಿಂದೂ ತಪ್ಪಲ್ಲ.” ಆಮೇಲೆ ಹಿತ್ತಿಲಿಗೆ ಹೋಗಿ ಸುಮ್ಮನೆ ಕರಿಬೇವಿನ ಎಲೆ ಕಿವುಚಿ ಮೂಸುತ್ತ ನಿಂತಳು. ನನಗೆ ಕೆಟ್ಟದೆನಿಸಿತು.

ಅಷ್ಟರಲ್ಲಿ ಅಂಗಳದಲ್ಲಿ ಮಾವನ ಕೆಮ್ಮು ಕೇಳಿಸಿತು. ನನ್ನ ಬುದ್ಧಿ ಓಡಿದ್ದೇ ಓಡಿದ್ದು! ಉಳಿದ ವೈನನ್ನು ಸ್ಟೀಲಿನ ತಪ್ಪೇಲಿಗೆ ಸುರಿದು, ತಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟೆ. ಖಾಲಿ ಸೀಸೆ ನನ್ನ ಚೀಲ ಸೇರಿತು. ಅತ್ತೆಗೆ ಹೇಳುವುದು ಮರೆತೇಹೋಯಿತು.

ಮರುದಿನ ಊಟಕ್ಕೆ ಅಪ್ಪೆಹುಳಿ. ನಮ್ಮ ಕಡೆ ಅದು ಗೊತ್ತಲ್ಲ, ಬೇಯಿಸಿದ ಮಾವಿನಕಾಯಿಯನ್ನು ನೀರಿಗೆ ಕಿವುಚಿ, ಇಂಗಿನ ಒಗ್ಗರಣೆ ಹಾಕಿ, ಲೋಟದಲ್ಲಿ ಕುಡಿಯುವ ತಿಳಿ ಹುಳಿ. ಮಾವನಿಗೆ ಬರುವ ಅಡುಗೆ ಒಂದೇ, ಒಗ್ಗರಣೆ. ಅತ್ತೆ ಮಾಡಿಟ್ಟ ಹುಳಿ ಕಟ್ಟೆಯ ಮೇಲಿತ್ತು. ಮಾವ ಅದನ್ನು ಬಿಟ್ಟು, ಫ್ರಿಜ್ಜಿನಲ್ಲಿದ್ದ ನನ್ನ ತಪ್ಪೇಲಿಯನ್ನೇ ಹುಳಿ ಎಂದುಕೊಂಡು ತೆಗೆದು ಇಂಗು, ಸಾಸಿವೆ, ಸೂಜಿಮೆಣಸು ಚೊಂಯ್ ಅನ್ನಿಸಿದ.

ಬಡಿಸಿದ ಮೇಲೆ ಮೂಗಿನ ಹತ್ತಿರ ತಂದಾಗ ನನಗೆ ಗೊತ್ತಾಯಿತು, ಲೋಟದಲ್ಲಿದ್ದದ್ದು ವೈನು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಾವ ಲೋಟ ಖಾಲಿ ಮಾಡಿ, “ಇವತ್ತು ಬಾಳ ಚೊಲೋ ಆಯ್ದು” ಎಂದು ಇನ್ನೊಂದು ಲೋಟ ಹಾಕಿಕೊಂಡ. ನಾನು ಬಾಯಿ ಮುಚ್ಚಿಕೊಂಡೆ.

ಅತ್ತೆ ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು ಕುಡಿದಳು. ಮುಗಿಯಿತು ನನ್ನ ಕಥೆ, ಎಂದುಕೊಂಡೆ.

“ಇದಕ್ಕೆ ಉಪ್ಪೇ ಬಿದ್ದಿಲ್ಲೆ” ಎಂದಳು ಅತ್ತೆ.

“ಹಾಕಿಪ್ಪೆ, ನಿಂಗೆಂತ ಗೊತ್ತಾ...” ಎನ್ನುತ್ತಿದ್ದ ಮಾವ ಅಲ್ಲೇ ಮಾತು ನಿಲ್ಲಿಸಿದ. ತಾನು ಏನು ಹೇಳಿದೆ ಎಂದು ಅತ್ತೆಗೂ ಆಗಲೇ ತಿಳಿದದ್ದು.

ಮಾವ ಎಂಜಲು ಕೈಯಲ್ಲೇ ಎದ್ದು ಉಪ್ಪಿನ ಮರಿಗೆ ತಂದ. ಎಡಗೈಯಲ್ಲಿ ಒಂದು ಚಿಟಿಕೆ ಅವಳ ಲೋಟಕ್ಕೆ ಹಾಕಿದ. ಅರ್ಧ ಹೊರಗೆ ಚೆಲ್ಲಿತು.

“ಈಗ ನೋಡೇ.”

ಅತ್ತೆ ಕುಡಿದಳು. ಕಣ್ಣೀರು ಕೆನ್ನೆಗಿಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

“ಸ್ವಲ್ಪ ಹೆಚ್ಚಾತು” ಎಂದಳು.