ಹಿತ್ತಲಿನ ಡಿಶ್ಶಿಗೆ ಸಿಕ್ಕ ನೀರು

ಆಕಾಶದಲ್ಲಿ ನೀರು ಹುಡುಕುವವನಿಗೆ ನೆಲದ ಮೇಲೆ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಅಮೆರಿಕದಲ್ಲಿ, ಬಿಸಿಲೇ ಅಪರೂಪವಾದ ಮಿಶಿಗನ್ನಿನ ಟ್ರಾಯ್‌ನಲ್ಲಿ ಐಟಿ ಕೆಲಸದವನು. ಹಿತ್ತಲಲ್ಲಿ ಹಳೇ ಟಿವಿ ಡಿಶ್ ನಿಲ್ಲಿಸಿ ಅದನ್ನು ರೇಡಿಯೋ ದೂರದರ್ಶಕ ಅಂತ ಕರೆಯುತ್ತೇನೆ. ಆನೆಯ ಗಾತ್ರದ್ದು. ಹೆಂಡತಿಯ ಪ್ರಕಾರ, ಆನೆಮರಿ. ಸೂರ್ಯನ ಹತ್ತಿರ ಬಂದ ಧೂಮಕೇತುವಿನ ಹಿಮ ಆವಿಯಾಗುತ್ತದಲ್ಲ, ಆ ನೀರಾವಿ ಹೊರಡಿಸುವ ರೇಡಿಯೋ ಅಲೆ ಹಿಡಿಯಬೇಕೆಂಬುದು ನನ್ನ ಹುಚ್ಚು. ಹಾಡುಹಗಲಲ್ಲೂ ಹಿಡಿಯಬಹುದು.

ಹಕ್ಕಿಯ ತೊಟ್ಟಿ

ನಮ್ಮ ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘದ, ಅಧ್ಯಕ್ಷೆ ಬಂದು, "ಏನಿದು?" ಅಂದರು.

"ಹಕ್ಕಿಗಳಿಗೆ ನೀರಿನ ತೊಟ್ಟಿ."

"ಇಷ್ಟು ದೊಡ್ಡದಾ?"

"ಹದ್ದು ಬಂದರೆ?"

ಆಕೆ ನಗಲಿಲ್ಲ. ಮುಂದಿನ ಸಭೆಯೊಳಗೆ ಇದರ ಉಪಯೋಗ ತೋರಿಸದಿದ್ದರೆ ಕಿತ್ತು ಹಾಕಬೇಕು ಅಂದರು. ಹೆದರಿ ನಿಜ ಹೇಳಿದೆ: "ಧೂಮಕೇತುವಿನಲ್ಲಿ ನೀರು ಹುಡುಕುತ್ತಿದ್ದೇನೆ."

"ಹಕ್ಕಿಯ ತೊಟ್ಟಿಯೇ ನಂಬುವ ಹಾಗಿತ್ತು," ಅಂದು ಹೊರಟರು.

ಮೊದಲ ಶೋಧ

ಒಂದು ಮಧ್ಯಾಹ್ನ ಸಿಗ್ನಲ್ ಏರತೊಡಗಿತು. ಡಿಶ್ ಉಳಿಯಿತು! ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿರುವ, ನನಗೆ ಈ ಹುಚ್ಚು ಹಿಡಿಸಿದ ನಿವೃತ್ತ ಖಗೋಳ ಪ್ರೊಫೆಸರರಿಗೆ ಫೋನ್ ಮಾಡಿ ಕೂಗಿದೆ: "ಸಾರ್, ನೀರು!"

"ಕಿಟಕಿಯಿಂದ ಆಚೆ ನೋಡಯ್ಯಾ. ಮಳೆ ಬರ್ತಿದೆಯಾ?"

ಬರುತ್ತಿತ್ತು. "ಅಲ್ಲಿ ಕೂತು ಹೇಗೆ ಗೊತ್ತಾಯ್ತು ಸಾರ್?"

"ಬೆಳಿಗ್ಗೆ ಇಲ್ಲಿ ಸುರಿದು ಹೋಯ್ತು. ನಿನ್ನ ಧೂಮಕೇತು ಶಿಕಾಗೋ ದಾಟಿಕೊಂಡೇ ಬಂದಿದೆ."

ಒಣಗುವ ಧೂಮಕೇತು

ಸಭೆಗೆ ಎರಡು ದಿನ ಇದ್ದಾಗ, ಮೋಡವೇ ಇಲ್ಲದ ಆಕಾಶದಲ್ಲಿ ಸಿಗ್ನಲ್ ಮತ್ತೆ ಏರಿತು. ಆಮೇಲೆ ಗಂಟೆಗಂಟೆಗೂ ಮೆಲ್ಲಗೆ ಇಳಿಯಿತು. ಅಧ್ಯಕ್ಷೆಯನ್ನು ಕರೆಸಿ, ಪ್ರೊಫೆಸರರನ್ನು ವೀಡಿಯೋದಲ್ಲಿ ಕೂರಿಸಿ, ಗ್ರಾಫ್ ತೋರಿಸಿ ಭಾಷಣ ಬಿಗಿದೆ: "ನೋಡಿ, ಬಿಸಿಲಿಗೆ ಧೂಮಕೇತು ಒಣಗುತ್ತಿದೆ!"

ಪ್ರೊಫೆಸರರು ಕನ್ನಡದಲ್ಲಿ, "ಧೂಮಕೇತುವಿನ ನೀರಾದರೆ ಗ್ರಾಫಿನಲ್ಲಿ ಸೂಜಿ ಹಾಗೆ ನಿಲ್ಲಬೇಕು. ಇದು ಗುಡ್ಡ ಕಣಯ್ಯಾ, ಹತ್ತಿರದಲ್ಲೇ ಏನೋ ಒದ್ದೆಯಿದೆ. ಡಿಶ್ ತೋರಿಸು," ಅಂದರು.

ಫೋನ್ ಹಿಡಿದು ಹಿತ್ತಲಿಗೆ ಓಡಿದೆ. ಡಿಶ್ಶಿನ ತುಂಬ ಬಿಳಿ ಪಂಚೆ. ಪಂಚೆಯ ತುಂಬ ಸಂಡಿಗೆ. ಪಕ್ಕದಲ್ಲಿ ದಾವಣಗೆರೆಯಿಂದ ಬಂದಿದ್ದ ನಮ್ಮ ಅತ್ತೆ.

"ಎಂಥಾ ಒಳ್ಳೆ ಮಷೀನು ಅಳಿಯಂದ್ರೇ! ಸೂರ್ಯ ಹೋದ ಕಡೆಗೇ ತಿರುಗುತ್ತೆ. ನಾವು ಎತ್ತಿಡೋದೇ ಬೇಡ."

ಧೂಮಕೇತು ಸೂರ್ಯನ ಮಗ್ಗುಲಲ್ಲೇ ಇತ್ತು; ಅದನ್ನು ಹಿಂಬಾಲಿಸುವ ಮೋಟರು ಕೂರಿಸಿದ ಜಾಣ ನಾನೇ.

ಅತ್ತೆ ಒಣಗಿದ್ದನ್ನು ಆರಿಸಿ ಕರಿದು ಕೊಟ್ಟರು. ಅಧ್ಯಕ್ಷೆ ಒಂದು ತಿಂದರು, ಇನ್ನೊಂದು ತಿಂದರು, ತಟ್ಟೆಯನ್ನೇ ಹತ್ತಿರ ಎಳೆದುಕೊಂಡರು. ಸಭೆಯಲ್ಲಿ ಡಿಶ್ ಪಾಸಾಯಿತು: ದೂರದರ್ಶಕವಾಗಿ ಅಲ್ಲ, ಆಹಾರ ಒಣಗಿಸುವ ಸಾಧನವಾಗಿ, ಅತ್ತೆಯವರ ಹೆಸರಿನಲ್ಲಿ.

ಮರುದಿನ ಅವರನ್ನೇ ಬೇಡಿಕೊಂಡೆ: "ಅತ್ತೆ, ಒಂದು ಗಂಟೆ ಡಿಶ್ ಬಿಟ್ಟುಕೊಡಿ. ಧೂಮಕೇತು ಹೊರಟೇ ಹೋಗುತ್ತೆ."

ಅತ್ತೆ ಹಪ್ಪಳ ಹರವುತ್ತಾ ಅಂದರು: "ಹೋದರೆ ಇನ್ನೊಂದು ಬರುತ್ತೆ ಬಿಡಿ. ಮಿಶಿಗನ್ನಿನ ಬಿಸಿಲು ಹೋದರೆ ಮತ್ತೆ ಬರುತ್ತೇನು?"