ಏಳನೇ ಅಧ್ಯಾಯ ಬಿಟ್ಟು ಮುಂದೆ ಹೋಗಬಹುದು ಎಂದ ವಿಶ್ವವಿಜ್ಞಾನಿಗಳಿಗೆ

ಮಾನ್ಯರೇ,

ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ವಯಸ್ಸಿನ ವಿಶ್ವದ ಯೋಗಕ್ಷೇಮವನ್ನು ಸದಾ ವಿಚಾರಿಸಿಕೊಳ್ಳುತ್ತಿರುವ ತಮಗೆ, ಅದೇ ವಿಶ್ವದ ಒಂದು ಕಿರಿದಾದ ಬೀದಿಯ ಮೂಲೆಮನೆಯಿಂದ ಗೌರವಪೂರ್ವಕ ನಮಸ್ಕಾರಗಳು. ತಾವು ಸಾಮಾನ್ಯ ಓದುಗರಿಗಾಗಿಯೇ ಬರೆದಿರುವ, ರಕ್ಷಾಪುಟದ ಮೇಲೆ ನೀಲಿ ಸುಳಿಯಿರುವ ಪುಸ್ತಕವನ್ನು ಕೊಂಡ ಸಾಮಾನ್ಯರಲ್ಲಿ ನಾನೂ ಒಬ್ಬಳು. ನನ್ನ ದೂರು ಒಂದೇ. ಆದರೆ ಮುಖ್ಯ ವಿಷಯಕ್ಕೆ ಬರಲು ತಾವು ತೊಂಬತ್ತು ಪುಟ ತೆಗೆದುಕೊಂಡಿರುವುದರಿಂದ ನನಗೂ ಮೂರು ಪ್ಯಾರಾ ಪೀಠಿಕೆಗೆ ಅವಕಾಶ ಕೊಡುವಿರೆಂದು ನಂಬಿದ್ದೇನೆ.

ನಾನು ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ವರದಿಗಳನ್ನು ಟೈಪ್ ಮಾಡುವವಳು. ಹದಿನೇಳು ವರ್ಷಗಳಿಂದ ಹಿಮೋಗ್ಲೋಬಿನ್ ಎಂಬ ಪದವನ್ನು ದಿನಕ್ಕೆ ಅರವತ್ತು ಸಲವಾದರೂ ಹೊಡೆದಿದ್ದೇನೆ. ಅದರೊಳಗಿನ ಕಬ್ಬಿಣ ಯಾವುದೋ ನಕ್ಷತ್ರದ ಹೊಟ್ಟೆಯಲ್ಲಿ ಬೆಂದು, ಆ ನಕ್ಷತ್ರ ಸಿಡಿದು, ಅಲ್ಲಿಂದ ಇಲ್ಲಿಯವರೆಗೆ ಬಂದದ್ದೆಂದು ತಮ್ಮ ಮೂರನೇ ಅಧ್ಯಾಯ ಓದುವವರೆಗೆ ನನಗೆ ಗೊತ್ತಿರಲಿಲ್ಲ. ಮರುದಿನ ಯಾರದೋ ವರದಿಯಲ್ಲಿ ೯.೮ ಎಂದು ಹೊಡೆದು, ಷರಾ ಬರೆಯುವ ಜಾಗದಲ್ಲಿ 'ನಕ್ಷತ್ರ ಸಾಲದು' ಎಂದು ಸೇರಿಸಲು ಹೊರಟ ಬೆರಳನ್ನು ಕಷ್ಟಪಟ್ಟು ತಡೆದುಕೊಂಡೆ. ಇಂಥ ಸುಖ ಕೊಟ್ಟವರ ಮೇಲೆ ದೂರು ಬರೆಯುವುದು ಸರಿಯೇ ಎಂದು ನಾಲ್ಕು ದಿನ ಯೋಚಿಸಿದ್ದೇನೆ. ಐದನೆಯ ದಿನ ಯೋಚಿಸಲು ಪುರುಸೊತ್ತಿಲ್ಲ, ಏಕೆಂದರೆ ಗುರುವಾರ ಹತ್ತಿರ ಬರುತ್ತಿದೆ.

ನಮ್ಮ ಅತ್ತೆ ಟೈಲರ್. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಇದ್ದರೂ ನಮ್ಮಿಬ್ಬರ ಮಾತು 'ಊಟ ಆಯ್ತಾ', 'ಬಟ್ಟೆ ಒಣಗಿದ್ಯಾ' ಎಂಬಲ್ಲಿಗೆ ಮುಗಿಯುತ್ತಿತ್ತು. ಜಗಳವಿರಲಿಲ್ಲ, ಜಗಳಕ್ಕೆ ಬೇಕಾಗುವಷ್ಟು ಮಾತೂ ಇರಲಿಲ್ಲ. ಹೊಲಿಗೆ ಮಿಷನ್ನಿನ ಮೋಟಾರು ಕೆಟ್ಟು ವಾರವಿಡೀ ಕೈ ಖಾಲಿಯಾಗಿದ್ದಾಗ ಅವರು ನನ್ನ ಕಡೆ ನೋಡಿ, "ಅದೇನದು, ಅಷ್ಟು ಹೊತ್ತಿಂದ ಒಬ್ಬಳೇ ನಗ್ತಿದೀಯ, ನಮಗೂ ಹೇಳಬಾರ್ದಾ?" ಎಂದರು. ತಮ್ಮ ಪುಸ್ತಕ ಇಂಗ್ಲಿಷಿನಲ್ಲಿದೆ. ಅತ್ತೆಗೆ ಕನ್ನಡ ಮಾತ್ರ ಓದಲು ಬರುತ್ತದೆ. ಹಾಗಾಗಿ ದಿನವೂ ಲ್ಯಾಬಿನ ಬೆಳಗಿನ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಮೂರಕ್ಕೆ ನಾನು ಓದಿ, ಅಲ್ಲಲ್ಲೇ ಕನ್ನಡ ಮಾಡಿ ಹೇಳುವುದು, ಅವರು ಗುಂಡಿಗಳಿಗೆ ಕಾಜಾ ಹೊಲಿಯುತ್ತ ಕೇಳುವುದು ಶುರುವಾಯಿತು. ಮೋಟಾರು ರಿಪೇರಿಯಾಗಿ ಬಂದ ಮೇಲೂ ಮೂರು ಗಂಟೆಗೆ ಅವರು ಅದನ್ನು ತಾವಾಗಿಯೇ ನಿಲ್ಲಿಸತೊಡಗಿದರು.

ಇಂಗ್ಲಿಷ್ ಶಾಲೆಯಲ್ಲಿ ಓದಿದ ನನಗೆ, ವಾಕ್ಯದ ಪದಗಳೆಲ್ಲ ಗೊತ್ತಿದ್ದರೆ ವಾಕ್ಯವೂ ಗೊತ್ತು ಎಂಬ ನಂಬಿಕೆ ಮೊದಲಿನಿಂದ ಇತ್ತು. ಅತ್ತೆಯ ಎದುರು ಕನ್ನಡ ಮಾಡತೊಡಗಿದ ಮೂರನೆಯ ದಿನಕ್ಕೇ ಅದು ಸಡಿಲವಾಯಿತು. ನಾಲ್ಕು ಮೂಲೆ ಬಿಗಿಹಿಡಿದ ಬಟ್ಟೆಯ ನಡುವೆ ಭಾರದ ಗುಂಡು ಇಟ್ಟರೆ ಬಟ್ಟೆ ತಗ್ಗುವಂತೆ ಸೂರ್ಯನ ಸುತ್ತ ಆಕಾಶವೇ ತಗ್ಗುತ್ತದೆ ಎಂದು ತಾವು ಎಷ್ಟು ಚೆನ್ನಾಗಿ ಬರೆದಿದ್ದೀರಿ! ಅತ್ತೆ ಸೂಜಿ ನಿಲ್ಲಿಸಿದರು. "ಯಾವ ಬಟ್ಟೆ? ನೇರ ಹಿಡಿದ್ರೆ ಒಂಥರ ಜೋಲುತ್ತೆ, ಕ್ರಾಸಿಗೆ ಹಿಡಿದ್ರೆ ಇನ್ನೊಂಥರ. ಆಕಾಶಕ್ಕೆ ಎಳೆ ಯಾವ ಕಡೆ ಇದೆ ಅಂತ ಬರೆದಿದ್ದಾರಾ ನೋಡು" ಎಂದರು. ನೋಡಿದೆ, ಬರೆದಿರಲಿಲ್ಲ. "ಗುಂಡು ಕೆಳಗಡೆ ಎಳೀಬೇಕಾದ್ರೆ ಬಟ್ಟೆ ಕೆಳಗೆ ಇನ್ನೇನೋ ಇರ್ಬೇಕಲ್ಲ, ಅದನ್ನ ಯಾರು ಹೊಲಿದ್ರು?" ಎಂದರು. ಅದನ್ನೂ ಬರೆದಿರಲಿಲ್ಲ. ತಮ್ಮ ಪರವಾಗಿ ನಾನೇ ತಲೆ ತಗ್ಗಿಸಿದೆ.

ಈಗ ದೂರಿಗೆ ಬರುತ್ತೇನೆ. ಏಳನೇ ಅಧ್ಯಾಯದ ಮೊದಲ ಸಾಲಿನಲ್ಲಿ ತಾವು, ಇದು ಸ್ವಲ್ಪ ಕಠಿಣವಾದ್ದರಿಂದ ಇಷ್ಟವಿಲ್ಲದವರು ಇದನ್ನು ಬಿಟ್ಟು ಮುಂದೆ ಹೋಗಬಹುದು, ಏನೂ ನಷ್ಟವಿಲ್ಲ ಎಂದು ಉದಾರವಾಗಿ ಅಪ್ಪಣೆ ಕೊಟ್ಟಿದ್ದೀರಿ. ಎರಡು ಸಲ ಓದಿ, ಒಂದಕ್ಷರವೂ ತಲೆಗೆ ಹತ್ತದೆ, ತಮ್ಮ ಮಾತಿನ ಮೇಲೆ ಭರವಸೆಯಿಟ್ಟು ನಾನು ಬಿಟ್ಟೆ. ಆದರೆ ಒಬ್ಬರೇ ಓದುವವರು ಬಿಟ್ಟಂತೆ ಗಟ್ಟಿಯಾಗಿ ಓದುವವರಿಗೆ ಬಿಡಲಾಗುವುದಿಲ್ಲ ಎಂಬುದು ತಮ್ಮ ಗಮನಕ್ಕೆ ಬಂದಂತಿಲ್ಲ. "ನಿನ್ನೆ ಆರು ಮುಗೀತು, ಇವತ್ತು ಎಂಟು ಅಂತೀಯ, ಏಳು ಎಲ್ಲೋಯ್ತು?" ಎಂದು ಕೇಳಿದ ಅತ್ತೆಗೆ, ನನಗೆ ಅರ್ಥವಾಗಲಿಲ್ಲ ಎಂಬ ಎರಡು ಪದ ಹೇಳಲು ಬಾಯಿ ಬರಲಿಲ್ಲ. ಲ್ಯಾಬಿನಲ್ಲಿ ದಶಮಾಂಶದ ಚುಕ್ಕೆಯೊಂದು ಮಸುಕಾಗಿದ್ದರೂ ಎದ್ದುಹೋಗಿ ಕೇಳಿ ಬರುವ ನಾನು, ಮನೆಯಲ್ಲಿ ಕೂತು, ಎಲ್ಲಿಂದ ಹೊಳೆಯಿತೋ, "ಏಳರಲ್ಲಿ ಹೇಳಿರೋದು ಇಷ್ಟೇ ಅತ್ತೆ, ನಮಗೆ ಕಾಣೋ ವಿಶ್ವ ಒಳಗಿನ ಲೈನಿಂಗ್ ಮಾತ್ರ, ಮೇಲಿನ ಬಟ್ಟೆ ಬೇರೆ ಇದೆ" ಎಂದುಬಿಟ್ಟೆ.

ಅತ್ತೆ ಅಷ್ಟು ಸಂತೋಷಪಟ್ಟದ್ದನ್ನು ನಾನು ಹತ್ತೊಂಬತ್ತು ವರ್ಷಗಳಲ್ಲಿ ಕಂಡಿರಲಿಲ್ಲ. ಅಂದಿನಿಂದ ಅಳತೆ ಕೊಡಲು ಬಂದವರಿಗೆಲ್ಲ ಟೇಪು ಹಿಡಿದುಕೊಂಡೇ ಲೈನಿಂಗಿನ ವಿಷಯ ಹೇಳಿ, ಕೊನೆಗೆ "ನಮ್ಮ ಸೊಸೆ ಇಂಗ್ಲಿಷಿನಲ್ಲಿ ಓದಿದ್ದಾಳೆ" ಎಂದು ಸೇರಿಸುತ್ತಿದ್ದಾರೆ. ಕಳೆದ ವಾರ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರಿಗೂ ಹೇಳಿದರು. ಅವರು ಕನ್ನಡಕ ತೆಗೆದು ಒರೆಸಿ, "ನಾನು ಮೂವತ್ತು ವರ್ಷ ಪಾಠ ಮಾಡಿದೀನಿ, ಇದನ್ನೆಲ್ಲೂ ಓದಿಲ್ಲವಲ್ಲಾ" ಎಂದರಂತೆ. "ಗುರುವಾರ ಪ್ಯಾಂಟ್ ತಗೊಳ್ಳೋಕೆ ಬನ್ನಿ ಮೇಷ್ಟ್ರೇ, ಅವಳೇ ಪುಸ್ತಕ ತೆಗೆದು ತೋರಿಸ್ತಾಳೆ" ಎಂದು ಅತ್ತೆ ಸವಾಲು ಹಾಕಿ ಕಳಿಸಿದ್ದಾರೆ.

ಆದ್ದರಿಂದ ತಮ್ಮಲ್ಲಿ ವಿನಂತಿ. ಗುರುವಾರ ಸಂಜೆ ನಾಲ್ಕರೊಳಗೆ ಏಳನೇ ಅಧ್ಯಾಯದಲ್ಲಿ ಎಲ್ಲಾದರೂ ಲೈನಿಂಗ್ ಎಂಬ ಪದವನ್ನು, ಅಡಿಟಿಪ್ಪಣಿಯಲ್ಲಾದರೂ ಸರಿ, ಸೇರಿಸಿಕೊಡಬೇಕು. ಅದು ಕಷ್ಟವಾದರೆ, ಭಾರವಾದ ವಸ್ತುವಿನ ಹತ್ತಿರ ಕಾಲ ನಿಧಾನವಾಗುತ್ತದೆ ಎಂದು ತಾವೇ ಬರೆದಿರುವುದರಿಂದ, ಸಾಕಷ್ಟು ಭಾರವಾದ ಏನನ್ನಾದರೂ ನಮ್ಮ ಮನೆಯ ಹಿತ್ತಲಿಗೆ ಕಳಿಸಿ ಗುರುವಾರವನ್ನು ಸ್ವಲ್ಪ ಮುಂದೂಡಬೇಕು. ಬಟ್ಟೆ ಒಣಹಾಕುವ ತಂತಿಗೆ ತಾಗದಂತೆ ಇಳಿಸಿದರೆ ಉಪಕಾರ. ಅದೂ ಆಗದಿದ್ದರೆ, ಲೆಕ್ಕವಿಲ್ಲದಷ್ಟು ವಿಶ್ವಗಳಿರಬಹುದೆಂದು ಒಂಬತ್ತನೇ ಅಧ್ಯಾಯದಲ್ಲಿ ಧಾರಾಳವಾಗಿ ಹಂಚಿದ್ದೀರಲ್ಲ, ಅವುಗಳಲ್ಲಿ ನಾನು ನಿಜ ಹೇಳಿದ ವಿಶ್ವ ಯಾವುದೆಂದು ತಿಳಿಸಿದರೆ ನಾವಿಬ್ಬರೂ ಸಾಮಾನು ಸಮೇತ ಅಲ್ಲಿಗೇ ಹೋಗುತ್ತೇವೆ. ಅಲ್ಲಿಯೂ ಅತ್ತೆ ಮೂರು ಗಂಟೆಗೆ ಮಿಷನ್ ನಿಲ್ಲಿಸುತ್ತಾರೆಯೇ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಿ ತಿಳಿಸಿ. ನನ್ನ ಭಯ ಅದೊಂದೇ. ಮೇಷ್ಟ್ರ ಎದುರು ನಗೆಗೀಡಾಗುವುದನ್ನು ತಡೆದುಕೊಂಡೇನು. ನಾನು ಹೇಳಿದ್ದು ಸುಳ್ಳೆಂದು ತಿಳಿದು ಅತ್ತೆ ಮತ್ತೆ 'ಊಟ ಆಯ್ತಾ'ಕ್ಕೆ ಮರಳಿದರೆ ಏನು ಮಾಡಲಿ?

ತಮ್ಮ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿ ಕೆಟ್ಟ,
ತಮ್ಮ ವಿಶ್ವಾಸಿ,
ಅತಿ ಸಾಮಾನ್ಯ ಓದುಗರಲ್ಲಿ ಒಬ್ಬಳು

ಮರೆತ ಮಾತು: ಪತ್ರ ಅಂಚೆಗೆ ಹಾಕುವ ಮೊದಲೇ ಗುರುವಾರ ಬಂದು ಹೋಯಿತು. ಮೇಷ್ಟ್ರು ಕೂರುವ ಮುಂಚೆಯೇ ನಾನು ಇಬ್ಬರಿಗೂ ಹೇಳಿಬಿಟ್ಟೆ: ಏಳು ನನಗೆ ಅರ್ಥವಾಗಿಲ್ಲ, ಲೈನಿಂಗ್ ನನ್ನದೇ. ಅತ್ತೆ ಪ್ಯಾಂಟಿನ ಅಂಚಿನಲ್ಲಿ ಉಳಿದಿದ್ದ ದಾರ ಕತ್ತರಿಸಿ, "ಚೆನ್ನಾಗಿತ್ತು ಕಣೆ. ಹನ್ನೆರಡು ಜನಕ್ಕೆ ಹೊಲಿದು ಕೊಟ್ಟಿದೀನಿ, ಈಗ ಒಬ್ಬೊಬ್ಬರನ್ನೂ ಕರೆದು ಬಿಚ್ಚಬೇಕು. ಹೋಗ್ಲಿ, ಆ ಏಳನ್ನ ತಗೊಂಡು ಬಾ, ಏನಿದೆ ಅಂತ ನೋಡೇಬಿಡೋಣ" ಎಂದರು. ಈಗ ದಿನಕ್ಕೆ ಅರ್ಧ ಪುಟದಂತೆ ಮೂವರೂ ಓದುತ್ತಿದ್ದೇವೆ. ನೂರ ಹದಿನಾಲ್ಕನೇ ಪುಟದಲ್ಲಿ ತಾವು ಒಂದು ಸಾಲಿನಿಂದ ಇನ್ನೊಂದಕ್ಕೆ ಹಾರುವಾಗ 'ಇದು ಸುಲಭವಾಗಿ ಕಾಣುತ್ತದೆ' ಎಂದಿದ್ದೀರಿ. ನಾನು ನೋಡಿದೆ, ಮೇಷ್ಟ್ರು ಎರಡು ದಿನ ಮನೆಗೆ ಒಯ್ದು ನೋಡಿದರು, ಕಾಣಲಿಲ್ಲ. "ಪಾಪ, ಅವರಿಗೂ ಗೊತ್ತಿಲ್ಲ ಅನ್ಸುತ್ತೆ, ಅದಕ್ಕೇ ಬಿಟ್ಟು ಹೋಗಿ ಅಂದಿದ್ದಾರೆ" ಎಂಬುದು ಅತ್ತೆಯ ಅಭಿಪ್ರಾಯ. ಇದು ನಿಜವಾಗಿದ್ದಲ್ಲಿ ಸಂಕೋಚವಿಲ್ಲದೆ ಬಂದುಬಿಡಿ. ಮಧ್ಯಾಹ್ನ ಮೂರಕ್ಕೆ, ಇನ್ನೊಂದು ಕುರ್ಚಿ ಇದೆ.